ಇಟಾಲಿಯನ್ ಭೂತಕಾಲ: ‘ಚಲನೆಯಿದ್ದರೆ ಎಸ್ಸೆರೆ’ ಎಂಬ ಸೂತ್ರವನ್ನು ಇವತ್ತೇ ಅಳಿಸಿಹಾಕಿ

ಪ್ರಶ್ನೆ: ಇಟಾಲಿಯನ್ ಕಲಿಯಲು ಶುರು ಮಾಡಿದ್ದೇನೆ. ಪುಸ್ತಕದ ಕೊನೆಯಲ್ಲಿ ಒಂದೊಂದು ಕ್ರಿಯಾಪದಕ್ಕೂ ಎರಡೆರಡು ಪುಟದ ಕೋಷ್ಟಕವಿದೆ. ಅಷ್ಟನ್ನೂ ಬಾಯಿಪಾಠ ಮಾಡಲೇಬೇಕೆ? ಭೂತಕಾಲದಲ್ಲಿ ಚಲನೆಯ ಕ್ರಿಯಾಪದಗಳಿಗೆ ಸಹಾಯಕವಾಗಿ ‘ಎಸ್ಸೆರೆ’ (ಇರು), ಉಳಿದದ್ದಕ್ಕೆಲ್ಲ ‘ಅವೇರೆ’ (ಹೊಂದಿರು) ಎಂದು ನೆನಪಿಟ್ಟುಕೊಂಡರೆ ಸಾಕಲ್ಲವೆ?

ಉತ್ತರ: ಬಾಯಿಪಾಠ ಅಷ್ಟು ಬೇಕಿಲ್ಲ. ಎರಡನೆಯ ಮಾತು ಮಾತ್ರ ತಪ್ಪು. ಎಷ್ಟು ಸಲ ಹೇಳಿದರೂ ಮತ್ತೆ ಮತ್ತೆ ಬರುವ ಪ್ರಶ್ನೆಯಾದ್ದರಿಂದ ಈ ಸಲ ಬುಡಸಮೇತ ಕಿತ್ತುಬಿಡೋಣ.

ಮೊದಲು ಲೆಕ್ಕ. ಇಟಾಲಿಯನ್ ವ್ಯಾಕರಣದಲ್ಲಿ 7 ‘ಮೋದೊ’ಗಳಿವೆ; ನಮ್ಮ ವಿಧ್ಯರ್ಥ, ಸಂಭಾವನಾರ್ಥಗಳಿದ್ದಂತೆ ಇವು ಹೇಳಿಕೆಯ ಧಾಟಿಗಳು. ಅವುಗಳೊಳಗಿನ ಕಾಲಗಳನ್ನೆಲ್ಲ ಕೂಡಿದರೆ 21. ಆದರೆ ಇದರಲ್ಲಿ 9 ಸಂಯುಕ್ತ ರೂಪಗಳು. ಅಂದರೆ ಸಹಾಯಕ ಕ್ರಿಯಾಪದದ ಒಂದು ರೂಪ, ಅದರ ಬೆನ್ನಿಗೆ ಭೂತಕೃದಂತ (ನಮ್ಮ ‘ಹೋದ’, ‘ಬಂದ’ ಎಂಬಂಥ ರೂಪ), ಅಷ್ಟೇ. ಹೋಗುವುದಕ್ಕೆ ‘ಅಂದಾರೆ’, ಅದರ ಭೂತಕೃದಂತ ‘ಅಂದಾತೊ’. ‘ನಾನು’ ಎಂಬ ಕರ್ತೃವಿಗೆ ‘ಸೊನೊ ಅಂದಾತೊ’, ‘ಎರೊ ಅಂದಾತೊ’, ‘ಸರೊ ಅಂದಾತೊ’, ‘ಫುಯಿ ಅಂದಾತೊ’. ಸಂಭಾವನೆಯ ಧಾಟಿಯಲ್ಲಿ ‘ಸೀಯ ಅಂದಾತೊ’, ‘ಫೊಸ್ಸಿ ಅಂದಾತೊ’. ಷರತ್ತಿನ ಧಾಟಿಯಲ್ಲಿ ‘ಸರೆಯ್ ಅಂದಾತೊ’. ಕೊನೆಗೆ ಪುರುಷಭೇದವಿಲ್ಲದ ‘ಎಸ್ಸೆರೆ ಅಂದಾತೊ’, ‘ಎಸ್ಸೆಂದೊ ಅಂದಾತೊ’. ಒಂಬತ್ತೂ ಮುಗಿಯಿತು. ಕೃದಂತ ಅಲ್ಲಾಡಲಿಲ್ಲ, ಬದಲಾದದ್ದು ‘ಎಸ್ಸೆರೆ’ ಮಾತ್ರ. ‘ಕಮ್ಮಿನಾರೆ’ ಎಂದರೆ ನಡೆಯುವುದು. ಅಲ್ಲಿ ‘ಒ ಕಮ್ಮಿನಾತೊ’, ‘ಅವೇವೊ ಕಮ್ಮಿನಾತೊ’, ‘ಅವ್ರೊ ಕಮ್ಮಿನಾತೊ’ ಎಂದು ‘ಅವೇರೆ’ ಬದಲಾಗುತ್ತಾ ಹೋಗುತ್ತದೆ.

ಹಾಗಾಗಿ ಉರು ಹೊಡೆಯಬೇಕಾದದ್ದು ‘ಎಸ್ಸೆರೆ’, ‘ಅವೇರೆ’ ಇವೆರಡರ ಸರಳ ರೂಪಗಳು. ಅವು ಬಂದರೆ ಯಾವ ಕ್ರಿಯಾಪದವಿರಲಿ, ಕೃದಂತ ಗೊತ್ತಿದ್ದರೆ 9 ರೂಪ ಕೈಗೆ ಬಂದಂತೆ. ಆದರೆ ಸಹಾಯಕ ಯಾವುದು ಎಂಬಲ್ಲಿ ಎಡವಿದರೆ ಒಂಬತ್ತೂ ಕಡೆ ಎಡವುತ್ತೀರಿ. ಪ್ರಶ್ನೆ ಚಿಕ್ಕದಾಗಿ ಕಂಡರೂ ಇಷ್ಟು ಜಾಗ ತೆಗೆದುಕೊಳ್ಳುವುದು ಅದಕ್ಕೇ.

ಈಗ ಆ ಸೂತ್ರಕ್ಕೆ ಬರೋಣ. ಚಲನೆಗೆ ‘ಎಸ್ಸೆರೆ’ ಅನ್ನುವುದಾದರೆ ನಡೆಯುವುದಕ್ಕಿಂತ ಶುದ್ಧವಾದ ಚಲನೆ ಯಾವುದಿದೆ? ಅದು ‘ಒ ಕಮ್ಮಿನಾತೊ’, ಅಂದರೆ ‘ಅವೇರೆ’. ಈಜುವ ‘ನುವೊತಾರೆ’, ಪ್ರಯಾಣ ಮಾಡುವ ‘ವಿಯಜ್ಜಾರೆ’, ಅಡ್ಡಾಡುವ ‘ಪಸ್ಸೆಜ್ಜಾರೆ’, ಕುಣಿಯುವ ‘ಬಲ್ಲಾರೆ’ ಎಲ್ಲಕ್ಕೂ ‘ಅವೇರೆ’ಯೇ. ತಿರುಗಿಸಿ ನೋಡಿ. ಕೂತ ಜಾಗ ಬಿಟ್ಟು ಏಳದೆ ಉಳಿದುಬಿಡುವ ‘ರಿಮನೇರೆ’, ‘ರೆಸ್ತಾರೆ’, ‘ಸ್ತಾರೆ’ಗಳಿಗೆ ‘ಎಸ್ಸೆರೆ’. ಬೆಲೆ ತಗಲುವ ‘ಕೊಸ್ತಾರೆ’, ಇಷ್ಟು ಹೊತ್ತು ನಡೆಯಿತು ಅನ್ನುವ ‘ದುರಾರೆ’, ಸಾಕಾಗುವ ‘ಬಸ್ತಾರೆ’, ಹಾಗೆ ತೋರುವ ‘ಸೆಂಬ್ರಾರೆ’, ಹಿಡಿಸುವ ‘ಪಿಯಾಚೇರೆ’ ಇವಕ್ಕೂ ‘ಎಸ್ಸೆರೆ’. ಇವುಗಳಲ್ಲಿ ಯಾವುದು ಎಲ್ಲಿಗೆ ಚಲಿಸಿತು? ಸ್ವತಃ ‘ಎಸ್ಸೆರೆ’ಗೂ ಸಹಾಯಕ ‘ಎಸ್ಸೆರೆ’ಯೇ: ‘ಸೊನೊ ಸ್ತಾತೊ’. ಹೀಗೆ ಎರಡೂ ತುದಿಯಲ್ಲಿ ಕೈಕೊಡುವುದನ್ನು ಸೂತ್ರ ಎಂದು ಯಾಕೆ ಕರೆಯಬೇಕು?

ಇದು ಬೆಂಗಳೂರಿನವರಿಗೆ ಹೆಚ್ಚಾಗಿ ಅಂಟುವುದು ಫ್ರೆಂಚ್ ಕಡೆಯಿಂದ. ಪಿಯುಸಿಯಲ್ಲಿ ಅಂಕಕ್ಕೆಂದು ಫ್ರೆಂಚ್ ತೆಗೆದುಕೊಂಡವರಿಗೆ ಮನೆಯ ಚಿತ್ರ ಬರೆದು, ಬಾಗಿಲಲ್ಲಿ ಬರುವವರು, ಮೆಟ್ಟಿಲು ಹತ್ತುವವರು, ಇಳಿಯುವವರು ಎಂದು ಸುಮಾರು ಹದಿನೈದು-ಇಪ್ಪತ್ತು ಕ್ರಿಯಾಪದಗಳನ್ನು ಕಲಿಸಿರುತ್ತಾರೆ. ಅಲ್ಲಿ ಪಟ್ಟಿ ಚಿಕ್ಕದು, ಹೇಗೋ ನಡೆಯುತ್ತದೆ. ಇಟಾಲಿಯನ್ನಿನಲ್ಲಿ ‘ಎಸ್ಸೆರೆ’ಯ ಬಳಗ ಅದರ ಎಷ್ಟೋ ಪಾಲು ದೊಡ್ಡದು. ಫ್ರೆಂಚಿನಲ್ಲಿ ಹಿಡಿಸಿದ್ದಕ್ಕೂ, ಬೆಲೆ ಆದದ್ದಕ್ಕೂ, ಇದ್ದದ್ದಕ್ಕೂ ‘ಅವೇರೆ’ಯ ಜೋಡಿಯಾದ ‘ಅವ್ವಾರ್’ ಹತ್ತಿದರೆ ಇಟಾಲಿಯನ್ನಿನಲ್ಲಿ ಮೂರಕ್ಕೂ ‘ಎಸ್ಸೆರೆ’. ಆ ಪಟ್ಟಿಯನ್ನು ಇಲ್ಲಿಗೆ ತರಬೇಡಿ ಎಂದು ಎಷ್ಟು ಹೇಳಿದರೂ ಪ್ರತಿ ಹೊಸ ತಂಡದಲ್ಲೂ ಯಾರಾದರೊಬ್ಬರು ತಂದೇ ತರುತ್ತಾರೆ.

ಹಾಗಾದರೆ ನಿಜವಾದ ನಿಯಮ ಯಾವುದು? ಈ ಕ್ರಮದಲ್ಲಿ ಕೇಳಿಕೊಳ್ಳಿ, ಕ್ರಮ ಮುಖ್ಯ. ವಾಕ್ಯದಲ್ಲಿ ‘ಸಿ’ (ತನ್ನನ್ನೇ), ‘ಮಿ’ (ನನ್ನನ್ನೇ)ಗಳಂಥ ಆತ್ಮಾರ್ಥಕ ಸರ್ವನಾಮ ಕ್ರಿಯಾಪದಕ್ಕೆ ಅಂಟಿದೆಯೆ? ಇದ್ದರೆ ‘ಎಸ್ಸೆರೆ’, ಮುಂದೆ ನೋಡುವುದೇ ಬೇಡ. ಎದ್ದೆ ಅನ್ನಲು ‘ಮಿ ಸೊನೊ ಅಲ್ತ್ಸಾತೊ’. ಅದಿಲ್ಲ, ಆದರೆ ಕರ್ಮವಿದೆಯೆ? ಕರ್ತರಿ ಪ್ರಯೋಗದಲ್ಲಿ ಕರ್ಮವಿದ್ದರೆ ‘ಅವೇರೆ’. ಇದಕ್ಕೂ ಅಪವಾದವಿಲ್ಲ. ಮೇಲೆ ಹತ್ತಿದೆ ಅನ್ನುವುದಕ್ಕೆ ‘ಸೊನೊ ಸಲೀತೊ’, ಆದರೆ ಮೆಟ್ಟಿಲನ್ನು ಹತ್ತಿದೆ ಎಂದು ಮೆಟ್ಟಿಲನ್ನು ಕರ್ಮ ಮಾಡಿದರೆ ‘ಒ ಸಲೀತೊ ಲೆ ಸ್ಕಾಲೆ’. ಕೆಲಸವನ್ನು ಮುಗಿಸಿದೆ ಅಂದರೆ ‘ಒ ಫಿನೀತೊ’, ಸಿನೆಮಾ ಮುಗಿಯಿತು ಅಂದರೆ ‘ಇಲ್ ಫಿಲ್ಮ್ ಎ ಫಿನೀತೊ’. ಮುಗಿಸು-ಮುಗಿ ಎಂದು ಸಕರ್ಮಕ, ಅಕರ್ಮಕ ಬೇರೆ ಬೇರೆಯಾಗಿ ಆಡುವ ನಮಗೆ ಇದು ಕಷ್ಟವಾಗಬಾರದು.

ಉಳಿದದ್ದು ಅಕರ್ಮಕಗಳು. ತಕರಾರೆಲ್ಲ ಇಲ್ಲೇ. ಕರ್ತೃ ಬರೀ ಒಂದು ಚಟುವಟಿಕೆ ನಡೆಸಿದರೆ ‘ಅವೇರೆ’. ಕರ್ತೃವಿನ ಸ್ಥಿತಿಯೋ ನೆಲೆಯೋ ಬದಲಾಗಿಬಿಟ್ಟರೆ, ಅಥವಾ ಕರ್ತೃ ಸುಮ್ಮನೆ ಇದ್ದರೆ, ಉಳಿದರೆ, ತೋರಿದರೆ ‘ಎಸ್ಸೆರೆ’. ನಡೆದವನು ಎಲ್ಲಿಗೆ ತಲುಪಿದ ಎಂದು ‘ಕಮ್ಮಿನಾರೆ’ ಹೇಳುವುದಿಲ್ಲ, ಬಂದವನು ಬಂದಾಗಿದೆ. ಓಡುವುದರಲ್ಲಿ ಇದು ಬಿಡಿಸಿ ಕಾಣುತ್ತದೆ: ಒಂದು ಗಂಟೆ ಓಡಿದೆ ಅಂದರೆ ‘ಒ ಕೊರ್ಸೊ ಪೆರ್ ಉನೋರ’, ಮನೆಗೆ ಓಡಿದೆ ಅಂದರೆ ‘ಸೊನೊ ಕೊರ್ಸೊ ಅ ಕಾಸ’. ಕ್ರಿಯಾಪದ ಅದೇ, ಕಾಲು ಅವೇ. ಗುರಿ ಬಂತು, ಸಹಾಯಕ ಬದಲಾಯಿತು.

ಅನುಮಾನ ಬಂದಾಗ ಒಂದು ಪರೀಕ್ಷೆ ಇದೆ. ಭೂತಕೃದಂತವನ್ನು ಕರ್ತೃವಿಗೆ ವಿಶೇಷಣವಾಗಿ ಹಚ್ಚಿ ನೋಡಿ. ‘ಇಲ್ ತ್ರೇನೊ ಅರ್ರಿವಾತೊ’, ಅಂದರೆ ಬಂದ ರೈಲು, ಸರಿಯಾದ ಇಟಾಲಿಯನ್. ಮೂರು ಗಂಟೆ ನಡೆದ ಸಿನೆಮಾಕ್ಕೆ ‘ಉನ್ ಫಿಲ್ಮ್ ದುರಾತೊ ತ್ರೆ ಓರೆ’, ಅದೂ ಸರಿ. ಇವೆರಡೂ ‘ಎಸ್ಸೆರೆ’ ಗುಂಪಿನವು. ‘ಇಲ್ ರಗಾತ್ಸೊ ಕಮ್ಮಿನಾತೊ’ ಅಂದರೆ ಅಲ್ಲಿಯವರು ಮುಖ ನೋಡುತ್ತಾರೆ. ಅಂಥ ಮಾತೇ ಇಲ್ಲ, ಆದ್ದರಿಂದ ‘ಅವೇರೆ’. ಮಲಗಿ ನಿದ್ದೆ ಮಾಡುವ ‘ದೊರ್ಮೀರೆ’ಗೂ ಇದೇ ಗತಿ. ಆದರೆ ಒಂದು ಎಚ್ಚರಿಕೆ: ಈ ಪರೀಕ್ಷೆಯನ್ನು ಕನ್ನಡದ ಕಿವಿಯಿಂದ ಮಾಡಬೇಡಿ. ನಮಗೆ ‘ಬಂದ ಹುಡುಗ’, ‘ನಡೆದ ಹುಡುಗ’, ‘ಮಲಗಿದ ಹುಡುಗ’ ಮೂರೂ ಸಲೀಸು. ಕನ್ನಡದ ಕೃದಂತ ಯಾರಿಗೂ ಇಲ್ಲ ಅನ್ನುವುದಿಲ್ಲ, ಇಟಾಲಿಯನ್ನಿನದು ಆರಿಸಿಕೊಳ್ಳುತ್ತದೆ. ನಾಲ್ಕಾರು ತಿಂಗಳು ಓದಿ ಕೇಳಿ ಕಿವಿ ಹದಕ್ಕೆ ಬರುವ ತನಕ ನಿಘಂಟು ತೆರೆಯಿರಿ. ತ್ರೆಕ್ಕಾನಿಯಾಗಲಿ ಜಿಂಗರೆಲ್ಲಿಯಾಗಲಿ, ಅಕರ್ಮಕ ಕ್ರಿಯಾಪದದ ಪಕ್ಕದಲ್ಲಿ ‘ಔಸ್.’ ಎಂದು ಬರೆದು ಸಹಾಯಕವನ್ನು ಹೇಳಿಯೇ ಇರುತ್ತವೆ. ಹೊಸ ಕ್ರಿಯಾಪದವನ್ನು ಟಿಪ್ಪಣಿಗೆ ಇಳಿಸುವಾಗಲೇ ಅದನ್ನೂ ಬರೆದುಕೊಳ್ಳುವುದು ಅಭ್ಯಾಸವಾಗಲಿ. ಮಳೆ ಬರುವ ‘ಪಿಯೋವೆರೆ’, ಬದುಕುವ ‘ವೀವೆರೆ’ಗಳಿಗೆ ಎರಡೂ ಸಲ್ಲುತ್ತವೆ, ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

‘ಪಿಯಾಚೇರೆ’ಯನ್ನು ಕಂಡು ಇಂಗ್ಲಿಷಿನ ದಾರಿಯಲ್ಲಿ ಬರುವವರು ಹೆದರುತ್ತಾರೆ. ನಾವು ಹೆದರಬೇಕಿಲ್ಲ. ‘ನನಗೆ ಸಿನೆಮಾ ಹಿಡಿಸಿತು’ ಎಂದು ನಾವು ಹೇಳುವ ಕಟ್ಟೇ ಅದು: ‘ಇಲ್ ಫಿಲ್ಮ್ ಮಿ ಎ ಪಿಯಾಚ್ಯೂತೊ’. ಹಿಡಿಸಿದ್ದು ಕರ್ತೃ, ನಾನು ಚತುರ್ಥಿ. ಹಿಡಿಸಿದ್ದು ಬಹುವಚನವಾದರೆ ಕ್ರಿಯಾಪದವೂ ಬಹುವಚನ: ‘ಲ್ಯಿ ಸ್ಪಗೆತ್ತಿ ಮಿ ಸೊನೊ ಪಿಯಾಚ್ಯೂತಿ’. ‘ಒ ಪಿಯಾಚ್ಯೂತೊ’ ಅನ್ನುವವರು ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಇಟ್ಟುಕೊಂಡಿರುತ್ತಾರೆ, ಅಷ್ಟೇ.

ಸಹಾಯಕ ‘ಎಸ್ಸೆರೆ’ ಆದ ಕೂಡಲೇ ಕೃದಂತ ಕರ್ತೃವಿನ ಲಿಂಗ, ವಚನಕ್ಕೆ ಹೊಂದಬೇಕು. ಹೋದನು-ಹೋದಳು ಅನ್ನುವ ನಮಗೆ ‘ಎ ಅಂದಾತೊ’, ‘ಎ ಅಂದಾತ’ ಸುಲಭ. ತಪ್ಪುವುದು ಬೇರೆ ಕಡೆ. ಕನ್ನಡದ ‘ನಾನು ಹೋದೆ’ಯಲ್ಲಿ ಲಿಂಗವಿಲ್ಲ, ‘ಅವರು ಹೋದರು’ನಲ್ಲೂ ಇಲ್ಲ. ಹಾಗಾಗಿ ಹೆಂಗಸರು ತಮ್ಮ ಬಗ್ಗೆ ಬರೆಯುವಾಗ ‘ಸೊನೊ ಅಂದಾತ’ ಅನ್ನುವ ಕಡೆ ‘ಅಂದಾತೊ’ ಬರೆದುಬಿಡುತ್ತಾರೆ. ಬರೀ ಹೆಂಗಸರ ಗುಂಪಾದರೆ ‘ಸೊನೊ ಅಂದಾತೆ’, ಒಬ್ಬನೇ ಗಂಡಸು ಸೇರಿದರೂ ‘ಸೊನೊ ಅಂದಾತಿ’. ‘ಅವೇರೆ’ಯೊಡನೆ ಕೃದಂತ ಸುಮ್ಮನಿರುತ್ತದೆ, ಕ್ರಿಯಾಪದದ ಮುಂಚೆ ‘ಲೊ, ಲ, ಲಿ, ಲೆ’ (ಅವನನ್ನು, ಅವಳನ್ನು, ಅವರನ್ನು) ಬಂದರೆ ಅವಕ್ಕೆ ಹೊಂದುತ್ತದೆ. ಅವಳನ್ನು ನೋಡಿದೆ ಅನ್ನಲು ‘ಲೊ ವಿಸ್ತ’ (ಇಲ್ಲಿನ ‘ಲೊ’ ಎಂದರೆ ‘ಲ’, ‘ಒ’ ಎರಡೂ ಕೂಡಿದ್ದು).

ಬೇಕು, ಆಗುತ್ತದೆ ಎಂಬ ಅರ್ಥದ ‘ದೊವೇರೆ’, ‘ಪೊತೇರೆ’ ಬಂದಾಗ ಮುಂದಿನ ಕ್ರಿಯಾಪದ ನೋಡಿ ಸಹಾಯಕ ಹಚ್ಚಿ: ‘ಸೊನೊ ದೊವೂತೊ ಅಂದಾರೆ’. ಮಾತಿನಲ್ಲಿ ‘ಒ ದೊವೂತೊ ಅಂದಾರೆ’ ಕೂಡ ಧಾರಾಳವಾಗಿ ಕೇಳುತ್ತದೆ. ಮುಂದೆ ಬರುವುದು ಸ್ವತಃ ‘ಎಸ್ಸೆರೆ’ ಆದರೆ ಮಾತ್ರ ‘ಅವೇರೆ’ಯೇ ಬೇಕು.

ಉಳಿದ 12 ಸರಳ ರೂಪಗಳ ಬಗ್ಗೆ ಎರಡೇ ಮಾತು. ಭವಿಷ್ಯತ್ತಿಗೂ ಷರತ್ತಿನ ಧಾಟಿಗೂ ಪ್ರಕೃತಿ, ಅಂದರೆ ರೂಪದ ಬುಡ, ಒಂದೇ (‘ಅಂದ್ರ್-’, ‘ವೆರ್ರ್-’, ‘ಸರ್-’), ಒಟ್ಟಿಗೆ ಕಲಿಯಿರಿ. ಕಥೆಯ ಭೂತವಾದ ‘ಪಸ್ಸಾತೊ ರೆಮೋತೊ’ದಲ್ಲಿ ನಿಯಮ ತಪ್ಪುವ ಕ್ರಿಯಾಪದಗಳಲ್ಲಿ ಹೆಚ್ಚಿನವು ನಾನು, ಅವನು, ಅವರು ಎಂಬ ಮೂರು ಕಡೆ ಮಾತ್ರ ವಕ್ರ. ತೆಗೆದುಕೊಳ್ಳುವ ‘ಪ್ರೆಂದೆರೆ’ಗೆ ‘ಪ್ರೇಸಿ, ಪ್ರೇಸೆ, ಪ್ರೇಸೆರೊ’. ನಡುವಿನ ‘ಪ್ರೆಂದೆಸ್ತಿ, ಪ್ರೆಂದೆಮ್ಮೊ, ಪ್ರೆಂದೆಸ್ತೆ’ ನೆಟ್ಟಗಿರುತ್ತವೆ. ಮಿಲಾನಿನ ಮಾತಿನಲ್ಲಿ ಇದು ಹೆಚ್ಚುಕಮ್ಮಿ ಇಲ್ಲ, ಸಿಸಿಲಿಯಲ್ಲಿ ದಿನವೂ ಇದೆ. ‘ಫುಯಿ ಅಂದಾತೊ’ವನ್ನು ಗುರುತಿಸಿದರೆ ಸಾಕು, ಬಳಸುವ ಪ್ರಮೇಯ ಬರುವುದಿಲ್ಲ.

ಯಾರೂ ಕೇಳದ ಒಂದು ಸಂಗತಿ: ‘ಸರೆಯ್ ಅಂದಾತೊ’ ಸಾಲಿನ ರೂಪ ಯಾವುದಕ್ಕೆ ಬಳಕೆಯಾಗುತ್ತದೆ? ‘ಗೊತ್ತಿದ್ದಿದ್ದರೆ ಬರುತ್ತಿದ್ದೆ’ ಎಂಬುದಕ್ಕೆ ಎಂದು ಎಲ್ಲರಿಗೂ ಗೊತ್ತು: ‘ಸೆ ಅವೆಸ್ಸಿ ಸಪೂತೊ, ಸರೆಯ್ ವೆನೂತೊ’. (‘ಸೆ’ ಆದಮೇಲೆ ‘ಅವ್ರೆಯ್’ ಹಾಕಬೇಡಿ, ಇಟಲಿಯಲ್ಲಿ ಮಕ್ಕಳು ಶಾಲೆಯಲ್ಲಿ ಬೈಸಿಕೊಳ್ಳುವ ತಪ್ಪು ಅದು.) ಇನ್ನೊಂದು ಬಳಕೆ ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ‘ಎಂಟಕ್ಕೆ ಬರುತ್ತೇನೆ ಅಂದ’ ಎಂದು ನಾವು ಅವನ ಮಾತನ್ನು ಹಾಗೇ ಎತ್ತಿ ಇಡುತ್ತೇವೆ, ಕಾಲ ಬದಲಿಸುವುದಿಲ್ಲ. ಇಟಾಲಿಯನ್ನಿನಲ್ಲಿ ಬದಲಿಸಬೇಕು, ಅದೂ ಇಂಗ್ಲಿಷಿನ ಮಾದರಿಯಲ್ಲಿ ‘ವೆರ್ರೆಬ್ಬೆ’ ಎಂದಲ್ಲ, ಸಂಯುಕ್ತ ರೂಪದಲ್ಲಿ: ‘ಅ ದೆತ್ತೊ ಕೆ ಸರೆಬ್ಬೆ ವೆನೂತೊ ಅಲ್ಲೆ ಓತ್ತೊ’. ಹಿಂದೆ ನಿಂತು ನೋಡಿದಾಗ ಮುಂದೆ ಆಗಬೇಕಿದ್ದ ಕೆಲಸಕ್ಕೆ ಇದೇ ರೂಪ. ಕೋಷ್ಟಕ ಪೂರ್ತಿ ಉರು ಹೊಡೆದವರೂ ಇಲ್ಲಿ ತಪ್ಪುತ್ತಾರೆ, ಯಾಕೆಂದರೆ ಕೋಷ್ಟಕದಲ್ಲಿ ಇದರ ಹೆಸರು ‘ಷರತ್ತು’, ವಾಕ್ಯದಲ್ಲಿ ಷರತ್ತೇ ಇಲ್ಲ. ಆ ವಾಕ್ಯ ಕೇಳಿ ಅವನು ಬಂದನೋ ಇಲ್ಲವೋ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ‘ಎದ್ ಎ ವೆನೂತೊ’ ಎಂದೋ ‘ಮ ನೊನ್ ಎ ವೆನೂತೊ’ ಎಂದೋ ಸೇರಿಸಬೇಕು.