ಅಮ್ಮನನ್ನು ವಿಡಿಯೋದಲ್ಲೇ ಡಾಕ್ಟರಿಗೆ ತೋರಿಸಿದರೆ ಸಾಕಾ?

ಪ್ರಶ್ನೆ: ಅಮ್ಮನಿಗೆ 76 ವರ್ಷ. ಬಿಪಿ, ಶುಗರ್ ಎರಡೂ ಇದೆ, ಮೊಣಕಾಲು ನೋವು ಬೇರೆ. ಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ತೋರಿಸಿಕೊಂಡು ಬಂದರೆ ಎರಡು ದಿನ ಏಳುವುದಿಲ್ಲ. ಡಾಕ್ಟರು ಈಗ ವಿಡಿಯೋದಲ್ಲೂ ನೋಡುತ್ತಾರಂತೆ. ಅದನ್ನು ನಂಬಬಹುದಾ, ಅಥವಾ ಪ್ರತಿಸಲ ಕರೆದುಕೊಂಡೇ ಹೋಗಬೇಕಾ?

ಪ್ರತಿಸಲ ಬೇಡ. ಆದರೆ ಎರಡು ಮಾತು ನೆನಪಿರಲಿ. ಆ ಡಾಕ್ಟರು ಅಮ್ಮನನ್ನು ಒಮ್ಮೆಯಾದರೂ ಎದುರಿಗೆ ಕೂರಿಸಿಕೊಂಡು ನೋಡಿರಬೇಕು. ಮತ್ತೆ ವಿಡಿಯೋ ನಡೆಯುವಾಗ ಅಮ್ಮನ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಡಾಕ್ಟರಿಗೆ ಆ ಕಡೆಯಿಂದ ಕಣ್ಣು, ಕಿವಿ ಇರುತ್ತದೆ, ಕೈ ಇರುವುದಿಲ್ಲ. ಆ ಕೈ ಕೆಲಸ ಪಕ್ಕದಲ್ಲಿ ಇರುವವರು ಮಾಡಬೇಕು.

ನಮ್ಮ ಅತ್ತೆಯ ವಿಷಯ ಹೇಳುತ್ತೇನೆ. ಅವರಿಗೆ ಆಗ 81. ಮೊದಲ ವಿಡಿಯೋ ಅಪಾಯಿಂಟ್‌ಮೆಂಟ್ ದಿನ ಒಳ್ಳೆ ಸೀರೆ ಉಟ್ಟು, ತಲೆ ಬಾಚಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಡಾಕ್ಟರು ಏನು ಕೇಳಿದರೂ ಒಂದೇ ಉತ್ತರ: "ಆರಾಮಿದೀನಿ ಡಾಕ್ಟ್ರೇ." ತಲೆ ಸುತ್ತುತ್ತಾ ಅಂದರೆ ಇಲ್ಲ, ನಿದ್ದೆ ಬರುತ್ತಾ ಅಂದರೆ ಹೂಂ. ದೊಡ್ಡವರ ಮುಂದೆ ತಮ್ಮ ಕಷ್ಟ ಹೇಳಿಕೊಳ್ಳಬಾರದು ಅಂತ ಬೆಳೆದ ತಲೆಮಾರು ಅದು, ಅಲ್ವಾ? ಕೊನೆಗೆ ಡಾಕ್ಟರು "ಮಾತ್ರೆ ಡಬ್ಬಿ ತಂದು ತೋರಿಸಿ ಅಮ್ಮ" ಅಂದರು. ಅತ್ತೆ ಎದ್ದರು, ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡು ನಿಂತರು. ನಾನು ದಿನಾ ನೋಡುತ್ತಿದ್ದದ್ದೇ ಅದು, ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದೆ. ಡಾಕ್ಟರು ಅಲ್ಲೇ ತಡೆದು, ಕೂತಾಗ ಒಂದು ಸಲ, ಎದ್ದು ನಿಂತ ಮೇಲೆ ಮತ್ತೆ ಬಿಪಿ ನೋಡಿಸಿದರು. ನಿಂತಾಗ ಮೇಲಿನ ಸಂಖ್ಯೆ ಮೂವತ್ತರಷ್ಟು ಕುಸಿದಿತ್ತು. ಡಬ್ಬಿ ಬಿಚ್ಚಿದರೆ ಬೇರೆ ಬೇರೆ ಹೆಸರಿನ ಎರಡು ಬಿಪಿ ಮಾತ್ರೆ, ಒಳಗಿರುವ ಔಷಧಿ ಮಾತ್ರ ಒಂದೇ. ಎರಡು ಕಡೆ ತೋರಿಸಿದ್ದರು, ಎರಡು ಚೀಟಿ ಸಿಕ್ಕಿತ್ತು, ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು.

ಆಸ್ಪತ್ರೆಗೆ ಹೋಗಿದ್ದರೆ ಇದು ಗೊತ್ತಾಗುತ್ತಿತ್ತೋ ಇಲ್ಲವೋ. ಅಲ್ಲಿಗೆ ಹೋಗುವಾಗ ಡಬ್ಬಿ ಮನೆಯಲ್ಲೇ ಇರುತ್ತದೆ. ಮನೆಯ ಹೊಸ್ತಿಲು, ಕತ್ತಲೆ ಬಚ್ಚಲು, ಜಾರುವ ಕಾಲೊರಸು, ರಾತ್ರಿ ಎದ್ದರೆ ಕೈಗೆ ಸಿಗದ ಸ್ವಿಚ್ಚು, ಇವು ಯಾವುದೂ ಡಾಕ್ಟರ ಕಣ್ಣಿಗೆ ಬೀಳುವುದಿಲ್ಲ. ವಿಡಿಯೋದಲ್ಲಿ ಬೀಳುತ್ತವೆ. ಅದಕ್ಕೇ ವಯಸ್ಸಾದವರ ವಿಷಯದಲ್ಲಿ ವಿಡಿಯೋ ಅಂದರೆ ಬರೀ ಅನುಕೂಲ ಅಂತ ನಾನು ಅಂದುಕೊಳ್ಳುವುದಿಲ್ಲ. ಕೆಲವು ಸಂಗತಿ ಅದರಲ್ಲೇ ಚೆನ್ನಾಗಿ ಕಾಣುತ್ತದೆ.

ಹಾಗಾಗಿ ತಯಾರಿ ಮಾಡಿಕೊಳ್ಳಿ. ಬಿಪಿಯನ್ನು ಕರೆ ಬರುವ ಮೊದಲೇ ನೋಡಿ ಬರೆದಿಡಿ. ಅರ್ಧ ಗಂಟೆ ಮುಂಚಿನಿಂದ ಕಾಫಿ ಬೇಡ, ಮೂತ್ರಕ್ಕೆ ಹೋಗಿ ಬಂದಿರಲಿ, ಬೆನ್ನಿಗೆ ಆಸರೆ ಕೊಟ್ಟು ಪಾದ ನೆಲಕ್ಕೆ ಊರಿ ಐದು ನಿಮಿಷ ಮಾತಿಲ್ಲದೆ ಕೂತಿರಲಿ. ಪಟ್ಟಿಯನ್ನು ರವಿಕೆ ತೋಳಿನ ಮೇಲೆ ಸುತ್ತಬೇಡಿ, ಬರಿ ತೋಳಿಗೆ ಸುತ್ತಿ, ತೋಳು ಎದೆಯ ಮಟ್ಟಕ್ಕೆ ಇರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಆಮೇಲೆ ಅಮ್ಮನನ್ನು ಹಿಡಿದುಕೊಂಡೇ ನಿಲ್ಲಿಸಿ, ನಿಂತು ಒಂದು ನಿಮಿಷ ಆದಾಗ ಒಮ್ಮೆ, ಮೂರು ನಿಮಿಷ ಆದಾಗ ಮತ್ತೊಮ್ಮೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಕಡಿಮೆಯಾದರೆ ಮೊದಲು ಅದನ್ನೇ ಡಾಕ್ಟರಿಗೆ ಹೇಳಿ. ವಯಸ್ಸಾದವರು ಬೀಳುವುದಕ್ಕೆ ಇದೊಂದು ದೊಡ್ಡ ಕಾರಣ. ಒಂದು ವಾರದ ಶುಗರ್ ಅಂಕಿಗಳೂ ಇರಲಿ. ಕಾಲು ಬಾವು ಇದ್ದರೆ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ, ಗುಳಿ ಬೀಳುತ್ತಾ ಅಂತ ಕ್ಯಾಮೆರಾ ಹತ್ತಿರ ಹಿಡಿದು ತೋರಿಸಿ. ಮಾತ್ರೆಗಳನ್ನೆಲ್ಲ ಒಂದು ತಟ್ಟೆಯಲ್ಲಿ ಹರಡಿ. ಆಯುರ್ವೇದದ ಚೂರ್ಣ, ಅಂಗಡಿಯಿಂದ ಸುಮ್ನೆ ತಂದ ನೋವಿನ ಮಾತ್ರೆ ಎಲ್ಲವೂ ಇರಲಿ. ಆ ನೋವಿನ ಮಾತ್ರೆಗಳು ಕೆಲವೊಮ್ಮೆ ಬಿಪಿ ಏರಿಸುತ್ತವೆ, ಕಿಡ್ನಿಗೂ ತೊಂದರೆ ಮಾಡುತ್ತವೆ. ನಿಮ್ಮ ಅಮ್ಮನಿಗೆ ಮೊಣಕಾಲು ನೋವು ಅಂದಿರಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನು ಕಿವಿ. ವಯಸ್ಸಾದಂತೆ ಮೊದಲು ಕೇಳಿಸದೆ ಹೋಗುವುದು ಸಣ್ಣ ಸ್ವರದ, ಚೂಪು ಶಬ್ದಗಳು. ಸ, ಶ, ತ ಇಂಥವು. ಮಾತು ಕೇಳಿಸುತ್ತದೆ, ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದಾಗ ಅವರು "ಹೂಂ" ಅಂದುಬಿಡುತ್ತಾರೆ! ಟಿವಿ, ಫ್ಯಾನು ಆಫ್ ಮಾಡಿ, ಹೆಡ್‌ಫೋನ್ ಹಾಕಿ ನೋಡಿ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಚೊಂಬಿಗೋ ಡಬ್ಬಿಗೋ ಒರಗಿಸಿ ಇಡಿ. ಕಿಟಕಿ ಬೆನ್ನಿಗೆ ಬರದ ಹಾಗೆ ಕೂರಿಸಿ, ಇಲ್ಲದಿದ್ದರೆ ಡಾಕ್ಟರಿಗೆ ಕಪ್ಪು ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಮಾತನ್ನು ಮಾತ್ರ ಅಮ್ಮನಿಗೇ ಬಿಡಿ. ಬೆಂಗಳೂರಿನಿಂದ ಮಗ, ಪುಣೆಯಿಂದ ಮಗಳು ಅದೇ ಕರೆಗೆ ಸೇರಿಕೊಂಡು, ಅಮ್ಮನ ಬಾಯಿಂದ ಒಂದು ಮಾತು ಬರುವ ಮೊದಲೇ ಇವರೇ ಎಲ್ಲ ಹೇಳಿ ಮುಗಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಕಾಯಿಲೆ ಅವರದು. ಐದು ನಿಮಿಷ ಜಾಸ್ತಿ ಹಿಡಿದರೂ ಅವರೇ ಹೇಳಲಿ, ಬಿಟ್ಟುಹೋದದ್ದನ್ನು ನೀವು ಕೊನೆಗೆ ಸೇರಿಸಿ. ಮೂತ್ರ ತಡೆಯಲಾಗದಿರುವುದು, ಮನಸ್ಸಿನ ಬೇಸರ ಇಂಥ ವಿಷಯಕ್ಕೆ ಒಂದೆರಡು ನಿಮಿಷ ನೀವು ಹೊರಗೆ ಹೋದರೆ ಇನ್ನೂ ಒಳ್ಳೆಯದು.

ಕಾನೂನಿನ ಮಾತು ಸ್ವಲ್ಪ. ನಮ್ಮ ದೇಶದಲ್ಲಿ ಇದಕ್ಕೆ ಸ್ಪಷ್ಟ ನಿಯಮ ಬಂದದ್ದು 2020ರ ಮಾರ್ಚ್ 25ರಂದು, ಟೆಲಿಮೆಡಿಸಿನ್ ಮಾರ್ಗಸೂಚಿಯ ಮೂಲಕ. ಎದುರಿಗೆ ನೋಡಿದ ಆರು ತಿಂಗಳ ಒಳಗೆ, ಅದೇ ಕಾಯಿಲೆಗೆ, ಅದೇ ಡಾಕ್ಟರನ್ನು ಮತ್ತೆ ಕಂಡರೆ ಅದು ಮುಂದುವರಿದ ಚಿಕಿತ್ಸೆ. ಆಗ ಅವರು ನಡೆಯುತ್ತಿರುವ ಮಾತ್ರೆ ಮುಂದುವರಿಸಬಹುದು, ಅದಕ್ಕೆ ಜೊತೆಯ ಮಾತ್ರೆ ಸೇರಿಸುವುದಕ್ಕೂ ಅವಕಾಶ ಜಾಸ್ತಿ. ಮಾರ್ಫಿನ್‌ನಂಥ ಔಷಧಿಗಳನ್ನು ವಿಡಿಯೋದಲ್ಲಿ ಬರೆಯುವಂತಿಲ್ಲ. ನಿದ್ದೆ ಮಾತ್ರೆಗಳಲ್ಲೂ ಕೆಲವಕ್ಕೆ ತಡೆ ಇದೆ, ಡಾಕ್ಟರು ಒಲ್ಲೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಲೇಬೇಕು. ಮರೆವಿನ ಕಾಯಿಲೆ ಇರುವವರ ಪರವಾಗಿ, ಅವರು ಕ್ಯಾಮೆರಾ ಮುಂದೆ ಇಲ್ಲದಿದ್ದರೂ, ನೋಡಿಕೊಳ್ಳುವವರು ಮಾತಾಡಬಹುದು. ಹಾಗೆ ನೋಡಿಕೊಳ್ಳುತ್ತಾ ಸೋತುಹೋದವರು ತಮಗಾಗಿಯೇ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಸ್ಮಾರ್ಟ್‌ಫೋನ್ ಇಲ್ಲದ ಮನೆಗೂ ದಾರಿ ಇದೆ. ವಿಡಿಯೋದಲ್ಲಿ ಡಾಕ್ಟರನ್ನು ಕಾಣಿಸುವ ಸರ್ಕಾರದ ಸೇವೆ ಇ-ಸಂಜೀವಿನಿಯಲ್ಲಿ ಹಣ ಕೊಡಬೇಕಿಲ್ಲ. ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ, ಅಂದರೆ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ತಾವೇ ಬಿಪಿ, ಶುಗರ್ ನೋಡಿ ಡಾಕ್ಟರನ್ನು ವಿಡಿಯೋದಲ್ಲಿ ಸೇರಿಸುತ್ತಾರೆ. ನಾನು ಆಗಲೇ ಹೇಳಿದ ಕೈ ಕೆಲಸ ಅಲ್ಲಿ ತಿಳಿದವರ ಕೈಯಲ್ಲೇ ನಡೆಯುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಹೊತ್ತಿಗೆ ಹೋಗಬೇಕು ಅಂತ ಹೇಳುತ್ತಾರೆ.

ಯಾವಾಗ ವಿಡಿಯೋ ಬೇಡವೇ ಬೇಡ? ಎದೆನೋವು, ಉಸಿರು ಸಿಕ್ಕಿಹಾಕಿಕೊಳ್ಳುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು. ತಕ್ಷಣ 108. ಲಕ್ವದಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಸಮಯ, ಅದರಲ್ಲಿ ಅಪಾಯಿಂಟ್‌ಮೆಂಟ್‌ಗೆ ಕಾಯುತ್ತಾ ಕೂರುವುದಲ್ಲ. ಬಿದ್ದು ತಲೆಗೆ ಪೆಟ್ಟಾದರೂ ಹಾಗೆಯೇ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಾದರೆ ಗಾಯ ಕಾಣದಿದ್ದರೂ ಕರೆದುಕೊಂಡು ಹೋಗಿ. ಕಪ್ಪು ಮಲ, ರಕ್ತ ವಾಂತಿ, ದಿನವಿಡೀ ಮೂತ್ರ ಬಾರದಿರುವುದೂ ಇದೇ ಸಾಲಿಗೆ ಸೇರುತ್ತದೆ. ಜನ ಜಾಸ್ತಿ ಗಮನಿಸದ ಒಂದಿದೆ: ನಿನ್ನೆವರೆಗೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡುವುದು, ಮಂಪರಿನಲ್ಲಿರುವುದು. ವಯಸ್ಸಾದವರಿಗೆ ಸೋಂಕು ಆದರೂ ಜ್ವರವೇ ಬಾರದಿರಬಹುದು, ಈ ಗೊಂದಲವೇ ಮೊದಲ ಸುಳಿವು. ಮರೆವು ಅಂದುಕೊಂಡು ಬಿಡಬೇಡಿ.

ವಿದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮ ಆರು ತಿಂಗಳು ಅಮೆರಿಕಕ್ಕೆ ಬಂದಾಗ ಊರಿನ ಡಾಕ್ಟರನ್ನೇ ವಿಡಿಯೋದಲ್ಲಿ ಕೇಳಿದರಾಯಿತು ಅಂದುಕೊಳ್ಳಬೇಡಿ. ನಮ್ಮ ಮಾರ್ಗಸೂಚಿ ದೇಶದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ, ಇಲ್ಲಿನ ಚೀಟಿಗೆ ಅಲ್ಲಿನ ಫಾರ್ಮಸಿಯವರು ಔಷಧಿ ಕೊಡುವುದಿಲ್ಲ. ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ ಮಾತ್ರೆ, ಚೀಟಿ ಎರಡನ್ನೂ ಹೊಂದಿಸಿಕೊಳ್ಳಿ.

ಈಗ ನಿಮ್ಮ ಅಮ್ಮನ ಲೆಕ್ಕ. ಮೊದಲು ಒಮ್ಮೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಪೂರ್ತಿ ತೋರಿಸಿ. ಆಮೇಲಿನ ಭೇಟಿಗಳು ವಿಡಿಯೋದಲ್ಲೇ ಆಗಲಿ ಅಂತ ಡಾಕ್ಟರನ್ನೇ ಕೇಳಿ, ರಕ್ತ ಪರೀಕ್ಷೆ ಹತ್ತಿರದ ಊರಲ್ಲೇ ಮಾಡಿಸಿ ವರದಿ ಕಳಿಸಿ. ಆರು ತಿಂಗಳಿಗೆ ಮತ್ತೆ ಹೊರಟಾಗ ಸುಮ್ನೆ ಬಿಪಿ ನೋಡಿಸಿಕೊಂಡು ಬರಬೇಡಿ. ಪಾದಕ್ಕೆ ಸ್ಪರ್ಶ ಗೊತ್ತಾಗುತ್ತಾ ಅನ್ನುವುದನ್ನು ವಿಡಿಯೋದಲ್ಲಿ ನೋಡಲಾಗುವುದಿಲ್ಲ, ಅದನ್ನು ಮಾಡಿಸಿ. ಶುಗರ್ ಇರುವುದರಿಂದ ಕಣ್ಣಿನ ಒಳಪರದೆ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು, ಅದೇ ದಿನಕ್ಕೆ ಹೇಳಿಟ್ಟುಕೊಳ್ಳಿ. ಮೊಣಕಾಲನ್ನೂ ಡಾಕ್ಟರು ಅವತ್ತೇ ಮುಟ್ಟಿ, ಮಡಚಿ ನೋಡಲಿ. ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ, ಆ ಹೊತ್ತಿನಲ್ಲಿ ಬಸ್ಸು ಹತ್ತಿಸಬೇಡಿ. ಕಾರು ಹೇಳಿಟ್ಟಿರಿ, ಜೊತೆಗೆ ಒಬ್ಬರು ಇರಿ.