ನೂರು ಮೂಟೆ ಅಕ್ಕಿ ಸಂಬಳದ ಸಮುರಾಯ್

ಜುಲೈ ಕೊನೇ ವಾರ ನಮ್ಮಂಥ ಟ್ಯಾಕ್ಸ್ ಪ್ರಾಕ್ಟೀಸ್ ಮಾಡೋರ ಆಫೀಸಲ್ಲಿ ಕಾಫಿ ಕುಡಿಯೋಕೂ ಪುರುಸೊತ್ತಿರಲ್ಲ. ಅಂಥ ಒಂದು ಸಂಜೆ ಹಳೇ ಕ್ಲೈಂಟ್ ಒಬ್ರು ಮಗನ್ನೂ ಕರ್ಕೊಂಡು ಬಂದ್ರು, ಪಿಯುಸಿ ಹುಡುಗ, ಮೂಲೇಲಿ ಕೂತ್ಕೊಂಡು ಫೋನಲ್ಲಿ ಸಮುರಾಯ್ ಗೇಮ್ ಆಡ್ತಿದ್ದ. ನಾನು ಅವರಪ್ಪನ ಫಾರಂ 16 ತಿರುವಿ ಹಾಕ್ತಿರೋದನ್ನ ಸ್ವಲ್ಪ ಹೊತ್ತು ನೋಡಿ, "ಸರ್, ಈ ಸಮುರಾಯ್‌ಗಳಿಗೆ ಸಂಬಳ ಯಾರು ಕೊಡ್ತಿದ್ರು?" ಅಂದ. ಅವರಪ್ಪ ಗದರಿಸಿದ್ರು, ಆದ್ರೆ ನನಗೆ ಖುಷಿಯಾಯ್ತು, ಯಾಕಂದ್ರೆ ಜಪಾನಿನ ಹಳೇ ಜಮಾ-ಖರ್ಚಿನ ಪುಸ್ತಕಗಳ ಬಗ್ಗೆ ಓದೋದು ನನ್ನ ಬಹಳ ವರ್ಷದ ಚಟ, ಕೇಳೋರೇ ಸಿಕ್ಕಿರಲಿಲ್ಲ. ಅವತ್ತು ಅವನಿಗೆ ಅರ್ಧಂಬರ್ಧ ಹೇಳಿ ಕಳಿಸಿದ್ದೆ, ಪೂರ್ತಿ ಉತ್ತರ ಇಲ್ಲಿದೆ.

ಸಂಬಳ ಕೊಡ್ತಿದ್ದೋನು ಒಡೆಯ, ಕೊಡ್ತಿದ್ದದ್ದು ಅಕ್ಕಿ. ಮೊದಲೆಲ್ಲ ಹಾಗಿರಲಿಲ್ಲ, ಸಮುರಾಯ್ ಅಂದ್ರೆ ಹಳ್ಳೀಲಿ ತನ್ನದೇ ಜಮೀನು ಇಟ್ಕೊಂಡು, ಕರೆ ಬಂದಾಗ ಕುದುರೆ ಹತ್ತಿ ಹೋಗೋನು. 1588ರಲ್ಲಿ, ಆಗ ಜಪಾನ್ ಆಳ್ತಿದ್ದ ತೊಯೊತೊಮಿ ಹಿದೆಯೋಶಿ ರೈತರ ಹತ್ರ ಇದ್ದ ಕತ್ತಿ ಈಟಿ ಎಲ್ಲ ಕಿತ್ಕೊಂಡ, 1591ರಲ್ಲಿ ಯೋಧ ರೈತನಾಗೋ ಹಾಗಿಲ್ಲ, ರೈತ ವ್ಯಾಪಾರಿ ಆಗೋ ಹಾಗಿಲ್ಲ ಅಂತ ಕಟ್ಟುಪಾಡು ತಂದ. ಹಳ್ಳಿ ಬಿಟ್ಟ ಸಮುರಾಯ್ ಒಡೆಯನ ಕೋಟೆ ಸುತ್ತಲಿನ ಊರಿಗೆ ಬಂದು ಸೇರ್ಕೊಂಡ. ಅಲ್ಲಿಗೆ ಅವನು ಸಂಬಳದ ನೌಕರ ಆದ ಅಂತಲೇ ಲೆಕ್ಕ. 1603ರಲ್ಲಿ ತೊಕುಗಾವಾ ಇಎಯಾಸು ಶೋಗನ್, ಅಂದ್ರೆ ದೇಶ ಆಳೋ ಸೇನಾಧಿಪತಿ, ಆದ, 1615ಕ್ಕೆ ಒಸಾಕಾ ಕೋಟೆ ಬಿತ್ತು, 1638ಕ್ಕೆ ಶಿಮಾಬರಾ ದಂಗೆ ಅಡಗ್ತು, ಆಮೇಲೆ ಎರಡು ಶತಮಾನ ಹೇಳ್ಕೊಳ್ಳೋ ಅಂಥ ಯುದ್ಧವೇ ಇಲ್ಲ. ಯುದ್ಧ ಮಾಡೋಕೆ ಅಂತ ನೇಮಕ ಆಗಿರೋ ಲಕ್ಷಾಂತರ ಜನ, ಯುದ್ಧ ಇಲ್ಲ, ಸಂಬಳ ಮಾತ್ರ ತಲೆಮಾರಿಂದ ತಲೆಮಾರಿಗೆ ಅದೇ, ಅಷ್ಟೇ.

ಅಳತೆಯ ಹೆಸರು ಕೊಕು. ಒಬ್ಬ ಆಳು ಒಂದು ವರ್ಷ ಉಣ್ಣೋ ಅಕ್ಕಿ ಅಂತ ಅಂದಾಜು, ಸುಮಾರು 180 ಲೀಟರ್, ತೂಕದಲ್ಲಿ 150 ಕೆಜಿ ಆಸುಪಾಸು. ಹತ್ತು ಸಾವಿರ ಕೊಕು ಮೇಲಿದ್ರೆ ಅವನು ಡೈಮ್ಯೊ, ಅಂದ್ರೆ ಸಂಸ್ಥಾನದ ದೊರೆ. ಕಾನಾಜಾವಾದ ಮಾಯೆದಾ ಮನೆತನದ್ದು ಹತ್ತು ಲಕ್ಷ ಕೊಕು ದಾಟಿದ್ದ ಸಂಸ್ಥಾನ. ಆದ್ರೆ ಇಲ್ಲೊಂದು ಸಿಟಿಸಿ, ಅಂದ್ರೆ ಕಾಗದದ ಮೇಲಿನ ಒಟ್ಟು ಸಂಬಳದ, ಸಮಸ್ಯೆ ಇದೆ, ಹೊಸದಾಗಿ ಕೆಲಸಕ್ಕೆ ಸೇರಿರೋ ಮಕ್ಕಳು ಆಫರ್ ಲೆಟರ್ ತಂದು ತೋರಿಸ್ದಾಗ ನಾನು ಹೇಳೋ ಮಾತೇ. ನೂರು ಕೊಕು ಸಮುರಾಯ್ ಅಂದ್ರೆ ಅವನ ಪಾಲಿನ ಜಮೀನಲ್ಲಿ ಬೆಳೆಯೋದು ನೂರು ಕೊಕು ಅಂತ, ಅದರಲ್ಲಿ ಹೆಚ್ಚಿನ ಪಾಲು ರೈತನಿಗೇ ಹೋಗುತ್ತೆ, ಇವನ ಕೈಗೆ ಬರೋದು ಮೂವತ್ತೈದು ನಲವತ್ತು. ಜಮೀನು ಇಲ್ಲದೆ ಉಗ್ರಾಣದಿಂದಲೇ ಅಕ್ಕಿ ಪಡೆಯೋ ಶೋಗನ್ನನ ಸಣ್ಣ ನೌಕರರಿಗೆ ಲೆಕ್ಕ ಮೂಟೇಲಿ. ಒಂದು ಮೂಟೆಗೆ 0.35 ಕೊಕು, ನೂರು ಮೂಟೆ ಅಂದ್ರೆ 35 ಕೊಕು. ಎದೊ ಊರಿನ, ಅಂದ್ರೆ ಇವತ್ತಿನ ಟೋಕಿಯೋದ, ಪೊಲೀಸ್ ಪೇದೆ ಥರದ ದೋಶಿನ್‌ಗೆ ಸಾಮಾನ್ಯವಾಗಿ ಮೂವತ್ತು ಮೂಟೆ ಮತ್ತೆ ಇಬ್ಬರ ಊಟದ ರೇಷನ್. ಎಲ್ಲ ಸೇರಿಸಿದ್ರೂ ಸುಮಾರು ಹದಿನಾಲ್ಕು ಕೊಕು, ಅಷ್ಟೇ. ಅದರಲ್ಲೇ ಹೆಂಡತಿ ಮಕ್ಕಳು, ಮನೇಲಿರೋ ವಯಸ್ಸಾದವರು, ಎಣ್ಣೆ, ಸೌದೆ, ಬಟ್ಟೆ ಎಲ್ಲ.

ಅಕ್ಕಿ ಕೊಟ್ಟು ಎಣ್ಣೆ ತರೋಕಾಗಲ್ಲ, ಮಾರಲೇಬೇಕು. ಎದೊದಲ್ಲಿ ಶೋಗನ್ನನ ಉಗ್ರಾಣ ಇದ್ದದ್ದು ಅಸಾಕುಸದಲ್ಲಿ, ನದಿ ದಂಡೆ ಮೇಲೆ. ವರ್ಷಕ್ಕೆ ಮೂರು ಕಂತು: ಎರಡನೇ ತಿಂಗಳು ಕಾಲು ಭಾಗ, ಐದನೇ ತಿಂಗಳು ಕಾಲು ಭಾಗ, ಹತ್ತನೇ ತಿಂಗಳು ಉಳಿದ ಅರ್ಧ. ಸಮುರಾಯ್ ಅಲ್ಲಿ ಹೋಗಿ ಸರದಿ ಕಾದು, ಮೂಟೆ ಎಣಿಸಿ, ಗಾಡಿ ಮಾಡಿ ಸಾಗಿಸೋದು ದೊಡ್ಡ ರಗಳೆ. ಅದಕ್ಕೇ ಉಗ್ರಾಣದ ಮುಂದೆ ಏಜೆಂಟರು ಹುಟ್ಕೊಂಡ್ರು. ಇವನ ಚೀಟಿ ಇಸ್ಕೊಂಡು ಬಿದಿರುಕಡ್ಡಿಗೆ ಸಿಕ್ಕಿಸಿ ಅಲ್ಲಿದ್ದ ಹುಲ್ಲಿನ ಕಟ್ಟಿಗೆ ಚುಚ್ಚಿ ಸರದಿ ಹಿಡಿಯೋರು, ಅದರಿಂದಲೇ ಅವರಿಗೆ ಫುದಸಾಶಿ ಅಂತ ಹೆಸರು, ಚೀಟಿ ಚುಚ್ಚೋರು ಅಂತ. 1724ರಲ್ಲಿ 109 ಜನ ಸೇರಿ ಸರ್ಕಾರದ ಅನುಮತಿಯಿಂದ ಸಂಘ ಮಾಡ್ಕೊಂಡ್ರು.

ಅವರ ಕಮಿಷನ್ ನೋಡಿ. ನೂರು ಮೂಟೆ ಬಿಡಿಸಿ ತರೋಕೆ ಒಂದು ಬು, ಮಾರಿಕೊಡೋಕೆ ಎರಡು ಬು. ನಾಲ್ಕು ಬುಗೆ ಒಂದು ರ್ಯೋ ಚಿನ್ನದ ನಾಣ್ಯ, ಒಂದು ಕೊಕು ಅಕ್ಕಿಗೆ ಒಂದು ರ್ಯೋ ಅಂತ ಹಿಡಿದ್ರೆ ಮೂವತ್ತೈದು ರ್ಯೋ ವಹಿವಾಟಿಗೆ ಮುಕ್ಕಾಲು ರ್ಯೋ. ನೂರಕ್ಕೆ ಎರಡು ಚಿಲ್ಲರೆ. ಇಷ್ಟರಲ್ಲಿ ಯಾರೂ ಶ್ರೀಮಂತ ಆಗಲ್ಲ. ಫುದಸಾಶಿಗಳು ಕೊಬ್ಬಿದ್ದು ಸಾಲದಲ್ಲಿ: ಮುಂದಿನ ಕಂತಿನ ಅಕ್ಕಿ ಮೇಲೆ ಇವತ್ತೇ ದುಡ್ಡು, ವರ್ಷಕ್ಕೆ ನೂರಕ್ಕೆ 15ರಿಂದ 18 ಬಡ್ಡಿ. ಕಂತು ಬಂದಾಗ ಹಳೇದು ತೀರಲ್ಲ, ಪತ್ರ ಹೊಸದಾಗಿ ಬರೀಬೇಕು, ಆಗ ಅವರು ಮಾಡ್ತಿದ್ದ ಒಂದು ಕೈಚಳಕಕ್ಕೆ 'ತಿಂಗಳ ಕುಣಿತ' ಅಂತಲೇ ಹೆಸರಿತ್ತು. ಹಳೇ ಪತ್ರ ಮುಗಿಯೋ ತಿಂಗಳನ್ನೇ ಹೊಸ ಪತ್ರದ ಮೊದಲ ತಿಂಗಳು ಅಂತಾನೂ ಬರೆಯೋದು, ಒಂದೇ ತಿಂಗಳಿಗೆ ಎರಡು ಸಲ ಬಡ್ಡಿ. ಇದನ್ನ ಮೊದಲ ಸಲ ಓದಿದಾಗ ನಾನು ಎದ್ದು ಕೂತೆ, ಯಾಕಂದ್ರೆ ಕೆಲವು ವರ್ಷದ ಹಿಂದೆ ಒಬ್ಬ ಅಂಗಡಿಯವರ ಸಾಲದ ಸ್ಟೇಟ್‌ಮೆಂಟಲ್ಲಿ, ಫೈನಾನ್ಸಿನವರ ಹೆಸರು ಬೇಡ ಬಿಡಿ, ರಿನ್ಯೂವಲ್ ಮಾಡಿದ ಪ್ರತಿ ಸಲವೂ ಮಾರ್ಚ್ ತಿಂಗಳು ಎರಡೆರಡು ಸಲ ಬಂದಿತ್ತು, ಪೆನ್ಸಿಲಲ್ಲಿ ಸುತ್ತು ಹಾಕಿ ಕಳಿಸಿದ್ವಿ, ವಾಪಸ್ಸೂ ಬಂತು ಅನ್ನಿ.

ಹಾಗಾದ್ರೆ ಖರ್ಚು ಕಡಿಮೆ ಮಾಡಬಾರದಿತ್ತಾ ಅಂತ ನೀವು ಕೇಳಬಹುದು. ನಾನೂ ಕ್ಲೈಂಟುಗಳಿಗೆ ಅದನ್ನೇ ಕೇಳೋದು. ಆದ್ರೆ ಸಮುರಾಯ್‌ಗೆ ಕಡಿಮೆ ಮಾಡೋ ಸ್ವಾತಂತ್ರ್ಯ ಇರಲಿಲ್ಲ. ಇಂಥ ದರ್ಜೆಯವನು ಹೊರಗೆ ಹೊರಟ್ರೆ ಹಿಂದೆ ಈಟಿ ಹಿಡಿಯೋನು ಒಬ್ಬ, ಚಪ್ಪಲಿ ಎತ್ಕೊಳ್ಳೋನು ಒಬ್ಬ ಇರಲೇಬೇಕು, ಮನೆಗೆ ಅವನ ಅಂತಸ್ತಿನ ಬಾಗಿಲೇ ಇರಬೇಕು, ನೆಂಟರ ಮನೆ ಮದುವೆ ಸಾವು ಮಗು ಹುಟ್ಟಿದ್ದು ಎಲ್ಲಕ್ಕೂ ಉಡುಗೊರೆ ಹೋಗಬೇಕು. ಜಪಾನಿಯರಲ್ಲೊಂದು ಗಾದೆ ಇದೆ, ಸಮುರಾಯ್ ಉಪವಾಸ ಇದ್ರೂ ಹಲ್ಲುಕಡ್ಡಿ ಹಿಡ್ಕೊಂಡು ಓಡಾಡ್ತಾನೆ ಅಂತ. ನಮ್ಮಲ್ಲಿ ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತೀವಲ್ಲ, ಹೆಚ್ಚುಕಮ್ಮಿ ಅದೇ, ಆದ್ರೆ ನಮ್ಮ ಗಾದೇಲಿ ಬರೀ ಗೇಲಿ, ಅವರದ್ದರಲ್ಲಿ ಒಂಚೂರು ಹೆಮ್ಮೇನೂ ಸೇರ್ಕೊಂಡಿದೆ. ಸೊಂಟದಲ್ಲಿ ಎರಡು ಕತ್ತಿ ಇರಲೇಬೇಕಾದ್ರಿಂದ ಕೆಲವರು ಕತ್ತಿಯ ಅಲಗನ್ನ ಗಿರವಿ ಇಟ್ಟು ಒರೆಯೊಳಗೆ ಬಿದಿರಿನ ಪಟ್ಟಿ ತುಂಬಿಸ್ಕೊಂಡು ಓಡಾಡ್ತಿದ್ರು. ಗೇಮಲ್ಲಿ ಆ ಕತ್ತಿ ಬರಲ್ಲ ನೋಡಿ.

ಸೈಡ್ ಇನ್‌ಕಮ್ ಇಲ್ಲದೆ ನಡೀತಾನೇ ಇರಲಿಲ್ಲ. ಎದೊದಲ್ಲೇ ಅಓಯಾಮಾದ ಕಡೆಯವರು ಎಣ್ಣೆಕಾಗದದ ಕೊಡೆ ಕಟ್ಟಿದ್ರು, ಶಿತಾಯಾದವರು ಗೋಲ್ಡ್‌ಫಿಶ್ ಸಾಕಿದ್ರು, ಒಕುಬೊದಲ್ಲಿದ್ದ ಬಂದೂಕು ಪಡೆಯವರು ಅಜೇಲಿಯಾ ಹೂವಿನ ಗಿಡ ಬೆಳೆಸಿ ಮಾರಿದ್ರು. ಆ ನೂರು ಜನರ ಪಡೆಯ ನೆನಪಿಗೆ ಶಿಂಜುಕು ಹತ್ರ ಹ್ಯಾಕುನಿನ್‌ಚೊ, ಅಂದ್ರೆ ನೂರಾಳು ಬೀದಿ, ಅಂತ ಏರಿಯಾ ಇವತ್ತಿಗೂ ಇದೆ. ಡ್ಯೂಟಿ ದಿನಾ ಇರಲಿಲ್ಲ, ಕಾವಲು ಪಾಳಿ ಒಂದು ದಿನ ಮಾಡಿದ್ರೆ ಎರಡು ದಿನ ರಜ ಇರೋ ಪಡೆಗಳೇ ಬೇಕಾದಷ್ಟಿದ್ವು, ಹಾಗಾಗಿ ಟೈಮಿಗೇನೂ ಬರ ಇರಲಿಲ್ಲ.

ಮಾಲೀಕರ ಕಥೆ ಬೇರೆ ಇತ್ತಾ ಅಂದ್ರೆ ಅದೂ ಇಲ್ಲ. ಒಡೆಯನ ಬೊಕ್ಕಸ ಖಾಲಿಯಾದ್ರೆ ಅವನು ನೌಕರರ ಸಂಬಳದಲ್ಲೇ 'ಸಾಲ' ತಗೋತಿದ್ದ, ಕೆಲವು ಕಡೆ ಅರ್ಧಕ್ಕರ್ಧ, ವಾಪಸ್ ಕೊಡೋ ಮಾತು ಬಾಯಲ್ಲಷ್ಟೇ. ಯೊನೆಝಾವಾ ಸಂಸ್ಥಾನದ ಬ್ಯಾಲೆನ್ಸ್‌ಶೀಟ್ ನೋಡಿದ್ರೆ ಅಳು ಬರುತ್ತೆ: ಉಎಸುಗಿ ಮನೆತನಕ್ಕೆ 12 ಲಕ್ಷ ಕೊಕು ಇತ್ತು, 1600ರ ಸೆಕಿಗಹಾರಾ ಯುದ್ಧದಲ್ಲಿ ಸೋತ ಕಡೆ ನಿಂತಿದ್ದಕ್ಕೆ 3 ಲಕ್ಷಕ್ಕೆ ಇಳೀತು, 1664ರಲ್ಲಿ ವಾರಸುದಾರನ ಗೊಂದಲದಲ್ಲಿ ಒಂದೂವರೆ ಲಕ್ಷ ಆಯ್ತು, ಆದ್ರೆ ಸಾವಿರಾರು ಜನ ಸಮುರಾಯ್‌ಗಳನ್ನ ಮಾತ್ರ ಕೆಲಸದಿಂದ ತೆಗೀಲಿಲ್ಲ. ಆದಾಯ ಎಂಟನೇ ಒಂದು ಭಾಗಕ್ಕೆ ಬಂದ್ರೂ ಸಂಬಳದ ಪಟ್ಟಿ ಹೆಚ್ಚುಕಮ್ಮಿ ಹಾಗೇ. 1767ರಲ್ಲಿ ಹದಿಹರೆಯದಲ್ಲೇ ಪಟ್ಟಕ್ಕೆ ಬಂದ ಉಎಸುಗಿ ಯೋಝಾನ್ ತನ್ನ ಸ್ವಂತ ಖರ್ಚನ್ನ 1500 ರ್ಯೋಯಿಂದ 209ಕ್ಕೆ ಇಳಿಸಿದ, ಮನೆಯ ಐವತ್ತು ಜನ ದಾಸಿಯರಲ್ಲಿ ಒಂಬತ್ತು ಜನ ಉಳಿಸ್ಕೊಂಡ, ಸಮುರಾಯ್ ಮನೆ ಹೆಂಗಸರಿಗೆ ನೇಯ್ಗೆ ಕಲಿಸ್ದ. ಮನೆ ಮುಂದೆ ಬೇಲಿಗೆ ಉಕೊಗಿ ಅನ್ನೋ ಮುಳ್ಳುಗಿಡ ಹಾಕ್ಸಿದ್ದು ನನಗೆ ಬಹಳ ಹಿಡಿಸ್ತು, ಬೇಲಿಗೆ ಬೇಲಿನೂ ಆಯ್ತು, ಚಿಗುರು ಕಿತ್ತು ಅಡುಗೆಗೂ ಆಯ್ತು.

ಸರ್ಕಾರ ಸಾಲಮನ್ನಾ ಮಾಡ್ಲಿಲ್ವಾ? ಮಾಡ್ತು, ಎರಡು ಸಲದ್ದು ಹೇಳ್ತೀನಿ. ಮೊದಲನೇದು ಬಹಳ ಹಳೇದು. 1274 ಮತ್ತೆ 1281ರಲ್ಲಿ ಮಂಗೋಲರು ದಂಡೆತ್ತಿ ಬಂದ್ರು, ಸಮುರಾಯ್‌ಗಳು ಸ್ವಂತ ಖರ್ಚಲ್ಲಿ ಕಾದಾಡಿದ್ರು, ಗೆದ್ರು. ಆದ್ರೆ ಅದು ಮನೆ ಕಾಯ್ದುಕೊಂಡ ಯುದ್ಧ, ಗೆದ್ದ ಜಮೀನು ಒಂದಿಂಚೂ ಇಲ್ಲ, ಇನಾಮು ಎಲ್ಲಿಂದ ಕೊಡೋದು? ಹಿಗೊ ಪ್ರಾಂತ್ಯದ, ಅಂದ್ರೆ ಈಗಿನ ಕುಮಾಮೊತೊ ಕಡೆಯ, ತಕೆಝಾಕಿ ಸುಏನಾಗ ಅನ್ನೋ ಸಣ್ಣ ಯೋಧ ಕುದುರೆ, ಜೀನು ಮಾರಿ ದಾರಿ ಖರ್ಚು ಹೊಂದಿಸ್ಕೊಂಡು 1275ರಲ್ಲಿ ಆಗಿನ ಸರ್ಕಾರ ಇದ್ದ ಕಾಮಾಕುರವರೆಗೂ ಹೋದ, ಮೊದಲು ನುಗ್ಗಿದೋನು ನಾನೇ, ಸಾಕ್ಷಿ ಇದ್ದಾರೆ, ರಿಪೋರ್ಟಲ್ಲಿ ನನ್ನ ಹೆಸರೇ ಇಲ್ಲ ಅಂತ ಅಧಿಕಾರಿ ಮುಂದೆ ಪಟ್ಟು ಹಿಡಿದು ಕೂತು, ಒಂದು ಊರಿನ ಮೇಲ್ವಿಚಾರಣೆ ಹುದ್ದೆ ಮತ್ತೆ ಒಂದು ಕುದುರೆ ಗಿಟ್ಟಿಸ್ಕೊಂಡೇ ವಾಪಸ್ ಬಂದ. ಈ ಕಥೆಯನ್ನೆಲ್ಲ ಅವನೇ ಚಿತ್ರದ ಸುರುಳಿ ಬರೆಸಿ ಇಟ್ಟಿದ್ದಾನೆ. ಕ್ಲೇಮ್ ಹಾಕೋರು ಹೇಗಿರಬೇಕು ಅಂದ್ರೆ ಹೀಗಿರಬೇಕು, ನಮ್ಮವರು ಒಂದು ರಸೀದಿ ಕೇಳಿದ್ರೆ ಕಳೆದುಹೋಯ್ತು ಸರ್ ಅಂತಾರೆ. ಎಲ್ಲರೂ ಸುಏನಾಗ ಅಲ್ವಲ್ಲ, ಉಳಿದವರು ಜಮೀನು ಮಾರಿ ಮುಳುಗಿದ್ರು, ಕೊನೆಗೆ 1297ರಲ್ಲಿ ಯೋಧರು ಮಾರಿದ ಜಮೀನು ಪುಕ್ಕಟೆ ವಾಪಸ್ ಕೊಡಬೇಕು ಅಂತ ಆಜ್ಞೆ ಬಂತು. ಆಮೇಲೆ ಅವರಿಗೆ ಸಾಲ ಕೊಡೋರೇ ಇಲ್ಲ.

ಎರಡನೇದು 1789ರಲ್ಲಿ. ಶೋಗನ್ನನ ಮುಖ್ಯ ಮಂತ್ರಿ ಮಾತ್ಸುದೈರಾ ಸದಾನೊಬು ಆಡಳಿತದಲ್ಲಿ ಫುದಸಾಶಿಗಳ ಹತ್ರ ಇದ್ದ ಆರು ವರ್ಷಕ್ಕಿಂತ ಹಳೇ ಸಾಲ ಪೂರ್ತಿ ಮನ್ನಾ, ಆಮೇಲಿನದಕ್ಕೆ ಬಡ್ಡಿ ನೂರಕ್ಕೆ 6, ಕಂತಲ್ಲಿ ತೀರಿಸಬೇಕು ಅಂತ. ಫುದಸಾಶಿಗಳು ಕಳ್ಕೊಂಡದ್ದು ಸುಮಾರು 11.8 ಲಕ್ಷ ರ್ಯೋ. ಬೀದೀಲಿ ಹಬ್ಬ ಆಗಬೇಕಿತ್ತು, ಆದ್ರೆ ಐನೂರು ವರ್ಷದ ಹಿಂದಿನದ್ದೇ ಮತ್ತೆ ಆಯ್ತು, ಏಜೆಂಟರು ಹೊಸ ಸಾಲಕ್ಕೆ ಕೈ ಮುಚ್ಚಿಬಿಟ್ರು, ಚಳಿಗಾಲದ ಕಂತಿನ ತನಕ ಮನೆ ನಡೆಸೋದು ಹೇಗೆ ಅಂತ ಸಮುರಾಯ್‌ಗಳೇ ಪೇಚಾಡಿದ್ರು.

ಇನ್ನು ನನಗೆ ಇಷ್ಟದ ಮನೆಗೆ ಬರ್ತೀನಿ. ಕಾಗಾ ಸಂಸ್ಥಾನದ ಕಾನಾಜಾವಾದಲ್ಲಿ ಇನೊಯಾಮಾ ಅಂತ ಒಂದು ಮನೆತನ, ಸಮುರಾಯ್‌ಗಳೇ, ಆದ್ರೆ ತಲೆಮಾರುಗಳಿಂದ ಕೆಲಸ ಅಬ್ಯಾಕಸ್ ಮಣಿ ತಳ್ಳೋದು, ಸಂಸ್ಥಾನದ ಲೆಕ್ಕದ ಕಚೇರಿಯ ಗುಮಾಸ್ತರು. ಅಂದ್ರೆ ನನ್ನ ಜಾತಿಯವರು! ಸಂಸ್ಥಾನದ ಲೆಕ್ಕ ಕರಾರುವಾಕ್ಕಾಗಿ ಇಟ್ಟವರು ಮನೇಲಿ ಮಾತ್ರ ವರ್ಷದ ಆದಾಯದ ಎರಡರಷ್ಟು ಸಾಲ ಮಾಡ್ಕೊಂಡಿದ್ರು. 1842ರಲ್ಲಿ ನಾವೊಯುಕಿ ಅನ್ನೋನು ಮನೆಯವರನ್ನೆಲ್ಲ ಒಪ್ಪಿಸಿ ಕಿಮೊನೊ, ಪುಸ್ತಕ, ಚಹಾದ ಸಾಮಾನು ಎಲ್ಲ ಮಾರಿಸ್ದ, ಸಾಲ ಕೊಟ್ಟವರ ಹತ್ರ ಹೋಗಿ ಸುಮಾರು ನಲವತ್ತು ಪರ್ಸೆಂಟ್ ಈಗಲೇ ಕೊಡ್ತೀನಿ, ಉಳಿದದ್ದು ಬಡ್ಡಿ ಇಲ್ಲದೆ ಹತ್ತು ವರ್ಷದ ಕಂತು ಮಾಡ್ಕೊಡಿ ಅಂದ. ಒಪ್ಪಿದ್ರು! ಇವತ್ತು ನಾವು ರೀಸ್ಟ್ರಕ್ಚರಿಂಗ್ ಅಂತ ಫೀಸ್ ತಗೊಂಡು ಮಾಡೋದು ಇದೇ ಕೆಲಸ. ಅವತ್ತಿಂದ ಮನೆಯ ಒಂದೊಂದು ಕಾಸಿನ ಲೆಕ್ಕ ಬರೀತಾ ಹೋದ್ರು, 1879ರ ತನಕ, 37 ವರ್ಷ. ಅದರಲ್ಲಿ ಯಜಮಾನನ ಕೈಖರ್ಚು ಮನೆಯ ಆಳಿನ ವರ್ಷದ ಸಂಬಳಕ್ಕಿಂತ ಕಡಿಮೆ. ಮಗುವಿನ ಶುಭಕಾರ್ಯಕ್ಕೆ ತಾಯ್ ಅನ್ನೋ ಜಾತಿಯ ಮೀನು ಇಡಲೇಬೇಕು, ಕೊಳ್ಳೋಕೆ ದುಡ್ಡಿಲ್ಲ, ಕಾಗದದ ಮೇಲೆ ಮೀನಿನ ಚಿತ್ರ ಬರೆದು ಇಟ್ಟರು. ಉಡುಗೊರೆ, ಆಳು, ನೆಂಟಸ್ತನದ ಖರ್ಚು ಮಾತ್ರ ನಿಲ್ಲಿಸೋಕೆ ಅವರಿಗೂ ಆಗ್ಲಿಲ್ಲ, ಅದನ್ನ ನಿಲ್ಲಿಸಿದ್ರೆ ಸಮುರಾಯ್ ಅನ್ನಿಸ್ಕೊಳ್ಳೋದೇ ನಿಲ್ಲುತ್ತೆ.

ಮುಂದೆ ಎಲ್ಲರದ್ದೂ ನಿಲ್ತು. 1868ರಲ್ಲಿ ಶೋಗನ್ನನ ಆಡಳಿತ ಹೋಗಿ ಮೇಜಿ ಚಕ್ರವರ್ತಿಯ ಸರ್ಕಾರ ಬಂತು, 1871ರಲ್ಲಿ ಸಂಸ್ಥಾನಗಳೇ ಹೋದ್ವು, 1873ರಲ್ಲಿ ಎಲ್ಲ ಜನಕ್ಕೂ ಸೇನೆ ಕಡ್ಡಾಯ ಆಯ್ತು, ಇನ್ನು ಈ ಸಂಬಳ ಯಾಕೆ? ಸರ್ಕಾರದ ಖರ್ಚಲ್ಲಿ ಮೂರನೇ ಒಂದು ಪಾಲು ಇದಕ್ಕೇ ಹೋಗ್ತಿತ್ತು. 1876ರ ಮಾರ್ಚಲ್ಲಿ ಕತ್ತಿ ಧರಿಸೋದಕ್ಕೆ ನಿಷೇಧ, ಆಗಸ್ಟಲ್ಲಿ ಸಂಬಳ ರದ್ದು, ಬದಲಿಗೆ ಸರ್ಕಾರಿ ಬಾಂಡ್. ಶೇ 7 ಬಡ್ಡಿಯ ಬಾಂಡ್ ಪಡೆದ ಕೆಳದರ್ಜೆಯವರಿಗೆ ಸರಾಸರಿ 415 ಯೆನ್, ವರ್ಷದ ಬಡ್ಡಿ 29 ಯೆನ್, ದಿನಕ್ಕೆ ಎಂಟು ಸೆನ್ (ನೂರು ಸೆನ್‌ಗೆ ಒಂದು ಯೆನ್). ಟೋಕಿಯೋದ ದಿನಗೂಲಿಯವನು ಅದಕ್ಕಿಂತ ಜಾಸ್ತಿ ದುಡೀತಿದ್ದ. ಕೆಲವರು ಬಾಂಡನ್ನೇ ಬಂಡವಾಳ ಮಾಡಿ ಬ್ಯಾಂಕ್ ಶುರು ಮಾಡಿದ್ರು, ಬಹಳಷ್ಟು ಜನ ಅಂಗಡಿ ಇಟ್ಟು ಮುಳುಗಿದ್ರು, ಗಿರಾಕಿಗೆ ತಲೆಬಾಗೋಕೆ ಬರ್ತಿರಲಿಲ್ಲ ಪಾಪ. 'ಸಮುರಾಯ್ ವ್ಯಾಪಾರ' ಅಂತ ಜನ ಆಡ್ಕೊಳ್ಳೋ ಮಾತೇ ಹುಟ್ತು. 1877ರಲ್ಲಿ ಹಿಂದಿನ ಸತ್ಸುಮಾ ಸಂಸ್ಥಾನದ ಸಮುರಾಯ್‌ಗಳು ಬಂಡೆದ್ರು, ರೈತರ ಮಕ್ಕಳ ಹೊಸ ಸೇನೆ ಎದುರು ಸೋತ್ರು.

ಇನೊಯಾಮಾ ಮನೆಯ ಮಗ ಮಾತ್ರ ಅಪ್ಪನಿಂದ ಕಲಿತ ಅಬ್ಯಾಕಸ್ ಹಿಡ್ಕೊಂಡು ಹೊಸ ನೌಕಾಪಡೆಯ ಲೆಕ್ಕಪತ್ರ ವಿಭಾಗಕ್ಕೆ ಸೇರ್ಕೊಂಡ. ಹಡಗಿಗೂ ಕಲ್ಲಿದ್ದಲಿನ ಲೆಕ್ಕ ಬೇಕಲ್ಲ. 1874ರ ಹೊತ್ತಿಗೆ ಅವನ ವರ್ಷದ ಸಂಬಳ 1,200 ಯೆನ್ ದಾಟಿತ್ತು, ಅದನ್ನೂ ಮನೆಯವರು ಅದೇ ಪುಸ್ತಕದಲ್ಲೇ ಬರ್ಕೊಂಡ್ರು.