ಪಾಚಿ ಜೀರ್ಣಿಸುವ ಕಿಣ್ವ: ಕಡಲಿನಿಂದ ಕರುಳಿಗೆ

ಮಳೆಗಾಲದಲ್ಲಿ ಕಾರವಾರ ಕರಾವಳಿಯ ಬಂಡೆಗಳ ಮೇಲೆ ಪೋರ್ಫೈರಾ ಎಂಬ ನೇರಳೆಗೆಂಪಿನ ತೆಳು ಪಾಚಿ ಹಬ್ಬುತ್ತದೆ. ಇದರ ನೆಂಟರನ್ನೇ ಜಪಾನೀಯರು ಒಣಗಿಸಿ ‘ನೋರಿ’ ಹಾಳೆ ಮಾಡಿ ತಿನ್ನುತ್ತಾರೆ. ಬಂಗಡೆ ಸಾರು, ಕುಚ್ಚಲಕ್ಕಿ ಅನ್ನದ ನಮ್ಮೂರ ಊಟಕ್ಕೆ ಅದು ಬೇಕಾಗಿಲ್ಲ. ಇಲ್ಲಿ ಅದು ಕಾಲು ಜಾರಿಸುವ ಕಳೆ, ಅಷ್ಟೇ.

ತಿಂದರೂ ನಮ್ಮ ದೇಹ ಅದರ ಪೋರ್ಫೈರಾನ್ ಎಂಬ ಸಕ್ಕರೆ ಸರಪಣಿಯನ್ನು ಒಡೆಯಲಾರದು. ಅನ್ನದ ಪಿಷ್ಟ, ಹಾಲಿನ ಸಕ್ಕರೆ, ಬೆಲ್ಲ ಇಂಥವಕ್ಕೆ ಬೇಕಾದ ಬೆರಳೆಣಿಕೆಯ ಕಿಣ್ವಗಳಷ್ಟೇ ನಮ್ಮ ಸ್ವಂತ ಆಸ್ತಿ. ಮಿಕ್ಕ ನಾರಿನಂಶವೆಲ್ಲ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲು.

ಕೆಂಪು ಪಾಚಿಯ ಸಕ್ಕರೆ ಎಷ್ಟು ಹಟಮಾರಿ ಎಂಬುದು ವಿಜ್ಞಾನಿಗಳ ಅನುಭವಕ್ಕೆ ಬಂದದ್ದು ಅಡುಗೆಮನೆಯ ದಾರಿಯಿಂದ. ಕಿರಾಣಿ ಅಂಗಡಿಯಲ್ಲಿ ‘ಚೈನಾ ಗ್ರಾಸ್’ ಹೆಸರಿನಲ್ಲಿ ಸಿಗುವ ಅಗರ್ ಕೂಡ ಕೆಂಪು ಪಾಚಿಯದೇ. ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಾಟಿನ್ ಸೆಕೆಗೆ ಕರಗುತ್ತಿತ್ತು, ಕೆಲವು ಸೂಕ್ಷ್ಮಜೀವಿಗಳು ಅದನ್ನೇ ತಿಂದು ನೀರು ಮಾಡುತ್ತಿದ್ದವು. ಅಗರ್ ಹಾಕಿ ನೋಡಿ ಎಂದು ಸೂಚಿಸಿದವರು, ಅಡುಗೆಯಲ್ಲಿ ಅದನ್ನು ಬಳಸುತ್ತಿದ್ದ ಫ್ಯಾನಿ ಹೆಸ್ಸೆ; ಅಲ್ಲಿನ ಸಂಶೋಧಕರೊಬ್ಬರ ಪತ್ನಿ. 1882ರ ಹೊತ್ತಿಗೆ ಅದು ಬಳಕೆಗೆ ಬಂತು, ಇಂದಿಗೂ ಉಳಿದಿದೆ. ಅದನ್ನೂ ಕರಗಿಸುವ ಬ್ಯಾಕ್ಟೀರಿಯಾ ಇದೆಯೆಂದು 1902ರಲ್ಲಿ ನಾರ್ವೆಯ ವಿಜ್ಞಾನಿ ಗ್ರಾನ್ ವರದಿ ಮಾಡಿದರು. ಅದು ಸಿಕ್ಕದ್ದು ಅಲ್ಲಿನ ಕಡಲಿನಲ್ಲಿ.

ಕಡಲಿನ ಈ ಕಸುಬು ಮನುಷ್ಯನ ಹೊಟ್ಟೆಯೊಳಗೂ ನಡೆಯುತ್ತಿದೆ ಎಂದು ತಿಳಿಯಲು 2010 ಬರಬೇಕಾಯಿತು. ಫ್ರಾನ್ಸಿನ ರೋಸ್ಕಾಫ್‌ನ ಸಂಶೋಧಕರು ಜೊಬೆಲಿಯಾ ಎಂಬ ಕಡಲ ಬ್ಯಾಕ್ಟೀರಿಯಾದಲ್ಲಿ ಪೋರ್ಫೈರಾನ್ ಕತ್ತರಿಸುವ ಕಿಣ್ವಗಳನ್ನು ಕಂಡುಕೊಂಡು, ಅಂಥ ಕಿಣ್ವ ತಯಾರಿಸುವ ಜೀನ್‌ಗಳನ್ನು ದತ್ತಾಂಶ ಭಂಡಾರಗಳಲ್ಲಿ ಹುಡುಕಿದರು. ಸಿಕ್ಕವೆಲ್ಲ ಕಡಲವಾಸಿಗಳು, ಒಂದನ್ನು ಬಿಟ್ಟು: ಜಪಾನೀಯರ ಮಲದಿಂದ ಬೇರ್ಪಡಿಸಿದ್ದ ಬ್ಯಾಕ್ಟೀರಾಯ್ಡಿಸ್ ಪ್ಲೆಬಿಯಸ್. 13 ಜಪಾನೀಯರು ಮತ್ತು 18 ಉತ್ತರ ಅಮೆರಿಕನ್ನರ ಕರುಳಿನ ಡಿಎನ್‌ಎ ಮಾಹಿತಿಯನ್ನು ಹೋಲಿಸಿದಾಗ, ಈ ಜೀನ್‌ಗಳು ಜಪಾನೀಯರಲ್ಲಿ ಮಾತ್ರ ಕಂಡವು. ಸಂಖ್ಯೆ ಚಿಕ್ಕದು, ‘ಜಪಾನೀಯರ ವಿಶೇಷ ಹೊಟ್ಟೆ’ ಎಂದು ಆಗ ಎದ್ದ ಗದ್ದಲ ಅದಕ್ಕೆ ತಕ್ಕುದಾಗಿರಲಿಲ್ಲ. ಆದರೆ ಸಂಶೋಧಕರ ವಾದದಲ್ಲಿ ಹುರುಳಿತ್ತು: ತಲೆತಲಾಂತರದಿಂದ ತಿಂದ ಹಸಿ ಪಾಚಿಗೆ ಅಂಟಿಕೊಂಡು ಬಂದ ಕಡಲ ಬ್ಯಾಕ್ಟೀರಿಯಾ, ತನ್ನ ಜೀನ್‌ಗಳನ್ನು ಕರುಳಿನ ನಿವಾಸಿಗೆ ದಾಟಿಸಿರಬೇಕು. ಹಾಗಿದ್ದರೆ ಕಡಲ ದಂಡೆಯಲ್ಲಿ ಮನೆಯಿದ್ದರೆ ಸಾಲದು, ಪಾಚಿ ತಟ್ಟೆಗೆ ಬರಬೇಕು; ಅದೂ ಹಸಿಯಾಗಿ. ಹುರಿದ ನೋರಿಯಲ್ಲಿ ಅಂಟಿಕೊಂಡ ಜೀವಿಗಳು ಉಳಿಯುವುದು ಕಷ್ಟ.

2018ರಲ್ಲಿ ಅಮೆರಿಕದ ಸಂಶೋಧಕರು ಈ ಜೀನ್‌ಗಳಿಂದ ಬ್ಯಾಕ್ಟೀರಿಯಾಕ್ಕೆ ಆಗುವ ಲಾಭವನ್ನು ಇಲಿಗಳಲ್ಲಿ ಒರೆಗೆ ಹಚ್ಚಿದರು. ಈ ಜೀನ್ ಗುಚ್ಛವಿದ್ದ ಬ್ಯಾಕ್ಟೀರಿಯಾ, ಇಲಿಗೆ ಪೋರ್ಫೈರಾನ್ ಉಣಿಸಿದಾಗ ಮೊದಲೇ ಠಿಕಾಣಿ ಹೂಡಿದ್ದ ಜೀವಿಗಳ ನಡುವೆಯೂ ಬೇರೂರಿತು. ಗುಚ್ಛವನ್ನು ಅದಿಲ್ಲದ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ವರ್ಗಾಯಿಸಿದಾಗ ಅದಕ್ಕೂ ಪಾಚಿಯ ಸಕ್ಕರೆ ದಕ್ಕಿತು.